ಪಿಂಚಣಿಯ ಅರ್ಜಿ ಮತ್ತು ಖಾಸಗಿತನ

ಅಂಕೋಲಾ ತಾಲೂಕಿನ ಬೆಳಂಬಾರದ ವೃದ್ಧೆಯೊಬ್ಬರು ಸಂಧ್ಯಾ ಸುರಕ್ಷಾ ಪಿಂಚಣಿಯನ್ನು ಕೋರುವರೆಂದು ಭಾವಿಸೋಣ. 65 ವರ್ಷ ತುಂಬಿದುದಕ್ಕೆ ವಯಸ್ಸಿನ ದಾಖಲೆ, ಬಡತನಕ್ಕೆ ವರಮಾನದ ಪತ್ರ, ಹಣ ಸೇರುವುದಕ್ಕೆ ಬ್ಯಾಂಕ್ ಖಾತೆಯ ಸಂಖ್ಯೆ: ಒಂದೊಂದು ವಿವರಕ್ಕೂ ಒಂದೊಂದು ಪ್ರಯೋಜನವುಂಟು. ಅದನ್ನು ಮೀರಿ ಬಳಸುವುದು ಸಲ್ಲದು. ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು.

ಹಾಗೆಂದು ಎಲ್ಲವನ್ನೂ ಮುಚ್ಚಿಟ್ಟರೆ ಅನರ್ಹರು ನುಸುಳಿಯಾರು. ಆದುದರಿಂದ ಪಿಂಚಣಿ ಯಾರಿಗೆ ದೊರೆಯಿತೆಂಬುದು ಗ್ರಾಮಸಭೆಗೆ ತಿಳಿಯಬೇಕು. ಅವರ ಖಾತೆಯ ಸಂಖ್ಯೆಯಲ್ಲ. ಆಧಾರಿನ 12 ಅಂಕಿಗಳಲ್ಲಿ ಮೊದಲ 8ನ್ನು ಮರೆಮಾಡಿದ ಪ್ರತಿಯೂ ದೊರೆಯುತ್ತದೆ. ಹಿರಿಯರ ಅರ್ಜಿಯನ್ನು ತುಂಬಿಕೊಡುವಾಗ ನಾವು ಕೇಳಿದಷ್ಟನ್ನೇ ಬರೆಯಬೇಕು. ಕೆಟ್ಟ ನಕಲನ್ನು ಜೆರಾಕ್ಸ್ ಅಂಗಡಿಯಲ್ಲಿ ಬಿಟ್ಟು ಬರಬಾರದು. ಅದು ವಂಚಕನ ಕೈ ಸೇರಿದರೆ ಹೋಗುವುದು ಬರಿಯ ಗುಟ್ಟಲ್ಲ, ಆ ತಾಯಿಯ ತಿಂಗಳ ಅನ್ನ.