ಕೆಜಿಎಫ್ ಗಣಿಗೆ ಅಣುತ್ಯಾಜ್ಯ: ಜಾಗ ಯಾರು ಗೊತ್ತು ಮಾಡಬೇಕು?

ಕೆಜಿಎಫ್ ಅಂದ ತಕ್ಷಣ ನಮ್ಮ ಕ್ಲಾಸಲ್ಲಿ ಎಲ್ಲರಿಗೂ ಯಶ್ ನೆನಪಾಗ್ತಾರೆ. ಫಿಸಿಕ್ಸ್ ಇಷ್ಟಪಡೋ ಒಂದಿಬ್ಬರಿಗೆ ಮಾತ್ರ 1965ರಲ್ಲಿ ಅಲ್ಲಿನ ಗಣಿಯೊಳಗೆ ನ್ಯೂಟ್ರಿನೊ ಪತ್ತೆಯಾದದ್ದು ಗೊತ್ತಿರಬಹುದು. ಆದರೆ ಅದೇ ಗಣಿಯಲ್ಲಿ ಅಣುತ್ಯಾಜ್ಯವನ್ನು ಶಾಶ್ವತವಾಗಿ ಇಡುವ ಮಾತು ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು, ಗೊತ್ತಾ? ರಾಜಾಜಿನಗರದಿಂದ ಕೆಜಿಎಫ್‌ಗೆ ಸುಮಾರು ನೂರು ಕಿಲೋಮೀಟರ್ ಅಷ್ಟೇ.

ಮೊದಲು ವಿಷಯ ಏನು ಅಂತ ನೋಡೋಣ. ರಿಯಾಕ್ಟರಿನಿಂದ ಹೊರಗೆ ತೆಗೆದ ಇಂಧನ ಆಮೇಲೂ ಬಿಸಿಯಾಗಿಯೇ ಇರುತ್ತೆ. ಅದನ್ನು ವರ್ಷಗಟ್ಟಲೆ ನೀರಿನ ಕೊಳದಲ್ಲಿಟ್ಟು ತಣಿಸಬೇಕು. ನಮ್ಮ ದೇಶದ ನೀತಿ ಪ್ರಕಾರ ಅದನ್ನು ಮರುಸಂಸ್ಕರಣೆ ಮಾಡಿ ಯುರೇನಿಯಂ, ಪ್ಲುಟೋನಿಯಂ ಬೇರ್ಪಡಿಸ್ತಾರೆ. ಉಳಿದ ತೀವ್ರ ವಿಕಿರಣದ ದ್ರವವನ್ನು ಗಾಜಿನ ಜೊತೆ ಕರಗಿಸಿ ಸ್ಟೀಲ್ ಡಬ್ಬಿಗಳಿಗೆ ತುಂಬ್ತಾರೆ. ಈ ಡಬ್ಬಿಗಳನ್ನು ಕೊನೆಗೆ ನೂರಾರು ಮೀಟರ್ ಆಳದ ಗಟ್ಟಿ ಬಂಡೆಯಲ್ಲಿ ಹೂಳಬೇಕು, ಅದೂ ಸಾವಿರಾರು ವರ್ಷಕ್ಕೆ. ಅಂಥ ಜಾಗ ಭಾರತದಲ್ಲಿ ಇನ್ನೂ ಇಲ್ಲ. ಪ್ರಮಾಣ ಕಡಿಮೆ ಇರೋದ್ರಿಂದ ಸದ್ಯಕ್ಕೆ ಅರ್ಜೆಂಟ್ ಇಲ್ಲ ಅನ್ನೋದು ಅಣುಶಕ್ತಿ ಇಲಾಖೆಯ ನಿಲುವು.

ಇದಕ್ಕೆ ಕೆಜಿಎಫ್ ಹೇಗೆ ಬಂತು? 1980ರ ದಶಕದಲ್ಲಿ ಭಾಭಾ ಅಣುಸಂಶೋಧನಾ ಕೇಂದ್ರದವರು ಅಲ್ಲಿನ ಗಣಿಯಲ್ಲಿ, ಸುಮಾರು 1000 ಮೀಟರ್ ಆಳದಲ್ಲಿ, ಬಂಡೆಯೊಳಗೆ ಹೀಟರ್ ಇಟ್ಟು ಎಂಟು ವರ್ಷ ಪ್ರಯೋಗ ನಡೆಸಿದ್ದರು. ತ್ಯಾಜ್ಯ ಹೊರಡಿಸುವ ಶಾಖಕ್ಕೆ ಬಂಡೆ ಹೇಗೆ ಹಿಗ್ಗುತ್ತೆ, ಒಳಗೆ ಸ್ಟ್ರೆಸ್ ಎಷ್ಟಾಗುತ್ತೆ ಅಂತ ಅಳೆಯೋದು ಉದ್ದೇಶ. ಒಂದು ಗ್ರಾಂ ತ್ಯಾಜ್ಯವನ್ನೂ ಅಲ್ಲಿ ಹೂಳುವ ಪ್ರಯೋಗ ಅಲ್ಲ ಅದು. ನನಗಂತೂ ಇದು ಸೊಗಸಾದ ಎಂಜಿನಿಯರಿಂಗ್ ಅನ್ಸುತ್ತೆ.

ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. 2012ರ ನವೆಂಬರಿನಲ್ಲಿ, ತಮಿಳುನಾಡಿನ ಕೂಡಂಕುಳಂ ಸ್ಥಾವರದ ಕೇಸ್ ನಡೀತಿದ್ದಾಗ, ತ್ಯಾಜ್ಯ ಎಲ್ಲಿಡ್ತೀರಿ ಅನ್ನೋ ಪ್ರಶ್ನೆಗೆ ಕೇಂದ್ರದ ಕಡೆಯಿಂದ ಕೋಲಾರದ ಗಣಿಯ ಹೆಸರು ಬಂತು. ಕೋಲಾರದ ಜನಕ್ಕೆ ತಮ್ಮ ಊರಿನ ವಿಷಯ ತಿಳಿದಿದ್ದು ಪೇಪರ್ ಓದಿ! ಜನ ಬೀದಿಗಿಳಿದರು, ಆಗಿನ ಮುಖ್ಯಮಂತ್ರಿ ಜಗದೀಶ ಶೆಟ್ಟರ್ ವಿರೋಧಿಸಿದರು. ಕೆಲವೇ ದಿನಗಳಲ್ಲಿ ಅಂಥ ಯೋಜನೆ ಇಲ್ಲ ಅಂತ ಸ್ಪಷ್ಟನೆ ಬಂತು.

ಬಂಡೆ ಗಟ್ಟಿ ಇದೆಯಲ್ಲ, ಏನು ತೊಂದರೆ ಅಂತ ಕೇಳಬಹುದು. ಬಂಡೆಯ ಗುಣ ಬೇರೆ, ಜಾಗದ ಗುಣ ಬೇರೆ. ಶಾಶ್ವತ ಗೋದಾಮಿಗೆ ಬೇಕಾಗಿರೋದು ಯಾರೂ ಮುಟ್ಟದ, ಬಿರುಕು ಕಡಿಮೆ ಇರುವ, ನೀರು ಓಡಾಡದ ಬಂಡೆ. ಕೆಜಿಎಫ್‌ನಲ್ಲಿ ನೂರು ವರ್ಷಕ್ಕಿಂತ ಹೆಚ್ಚು ಕಾಲ ಅಗೆದು ಅಗೆದು ಮೂರು ಕಿಲೋಮೀಟರ್ ಆಳದವರೆಗೂ ಸುರಂಗಗಳಾಗಿವೆ. ಪಂಪ್ ನಿಂತ ಮೇಲೆ ನೀರು ತುಂಬಿಕೊಂಡಿದೆ. ಬಂಡೆ ಸಿಡಿಯುವ ರಾಕ್‌ಬರ್ಸ್ಟ್‌ಗೆ ಆ ಗಣಿ ಕುಖ್ಯಾತ. ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು: ಬೆಲೆಬಾಳುವ ಖನಿಜ ಇರುವ ಜಾಗದಲ್ಲಿ ಹೂಳಬಾರದು, ಯಾಕಂದ್ರೆ ಮುಂದೆ ಯಾರಾದರೂ ಅದಕ್ಕಾಗಿ ಮತ್ತೆ ಅಗೀತಾರೆ. ಚಿನ್ನದ ಗಣಿಗೇ ಈ ರೂಲ್ ಅನ್ವಯಿಸದಿದ್ದರೆ ಇನ್ಯಾವುದಕ್ಕೆ?

ಹಾಗಾದರೆ ಇದನ್ನೆಲ್ಲ ನೋಡಿಕೊಳ್ಳುವವರು ಯಾರು? 1983ರಲ್ಲಿ ಹುಟ್ಟಿದ ಅಣುಶಕ್ತಿ ನಿಯಂತ್ರಣ ಮಂಡಳಿ. 1987ರಿಂದ ತ್ಯಾಜ್ಯ ವಿಲೇವಾರಿಗೆ ನಿಯಮಗಳೂ ಇವೆ. ಆದರೆ ಮಂಡಳಿ ವರದಿ ಒಪ್ಪಿಸುತ್ತಿದ್ದದ್ದು ಅಣುಶಕ್ತಿ ಆಯೋಗಕ್ಕೆ, ಆಯೋಗದ ಅಧ್ಯಕ್ಷರೇ ಅಣುಶಕ್ತಿ ಇಲಾಖೆಯ ಕಾರ್ಯದರ್ಶಿ. ಪರೀಕ್ಷೆ ಬರೆಯುವವನ ಮನೆಯವರೇ ಪೇಪರ್ ತಿದ್ದಿದ ಹಾಗೆ. ಕೋಲಾರದ ಗಲಾಟೆ ಆದ ಅದೇ 2012ರಲ್ಲಿ ಸಿಎಜಿ ವರದಿಯೂ ಈ ಸ್ವಾತಂತ್ರ್ಯದ ಕೊರತೆಯನ್ನು ಎತ್ತಿ ಹೇಳಿತ್ತು. ಅದನ್ನು ಸರಿಪಡಿಸಲು 2011ರಲ್ಲಿ ತಂದಿದ್ದ ಮಸೂದೆ ಪಾಸಾಗದೆ ಬಿದ್ದುಹೋಯ್ತು. ಮಂಡಳಿಗೆ ಶಾಸನಬದ್ಧ ಸ್ಥಾನ ಸಿಕ್ಕಿದ್ದು 2025ರ ಡಿಸೆಂಬರಿನ ಶಾಂತಿ ಕಾಯ್ದೆಯಲ್ಲಿ.

ಊರಿನವರ ಮಾತು ಮಾತ್ರ ಇನ್ನೂ ಹೊರಗೇ ಇದೆ. ಪರಿಸರ ನಿಯಮದಲ್ಲಿ ಸಾರ್ವಜನಿಕ ಅಹವಾಲು ಅಂತ ಇದೆ, ನಿಜ. ಆದರೆ ಅದು ಜಾಗ ಆರಿಸಿದ ಮೇಲೆ ನಡೆಯೋದು. ಅಲ್ಲಿ ಜನ ಆಕ್ಷೇಪ ಹೇಳಬಹುದು, ತಡೆಯೋಕೆ ಆಗಲ್ಲ. ಫಿನ್ಲೆಂಡಿನಲ್ಲಿ ಸ್ಥಳೀಯ ಪುರಸಭೆ ಬೇಡ ಅಂದರೆ ಮುಗೀತು, ಸರ್ಕಾರ ಮುಂದೆ ಹೋಗುವ ಹಾಗಿಲ್ಲ. ಯೂರಾಯೋಕಿ ಅನ್ನೋ ಊರಿನ ಕೌನ್ಸಿಲ್ 2000ನೇ ಇಸವಿಯಲ್ಲಿ 20–7 ಮತಗಳಿಂದ ಒಪ್ಪಿತು, 2001ರಲ್ಲಿ ಅಲ್ಲಿನ ಸಂಸತ್ತು ಅನುಮೋದಿಸಿತು. ಈಗ ಅಲ್ಲಿ ನಾನೂರು ಮೀಟರಿಗೂ ಆಳದಲ್ಲಿ ಓಂಕಾಲೊ ಗೋದಾಮು ಕಟ್ಟಿದ್ದಾರೆ. ಆ ಊರಲ್ಲಿ ಮೊದಲೇ ರಿಯಾಕ್ಟರ್‌ಗಳಿದ್ದವು, ಹಾಗಾಗಿ ಒಪ್ಪಿಸೋದು ಸ್ವಲ್ಪ ಸುಲಭ ಇತ್ತು ಅನ್ನೋದನ್ನೂ ಹೇಳಬೇಕು.

ನಾವು ಬೆಂಗಳೂರಿನವರು ಕಸ ಕಳಿಸೋದರಲ್ಲಿ ಎಕ್ಸ್‌ಪರ್ಟ್‌ಗಳು. ಮಾವಳ್ಳಿಪುರ, ಮಂಡೂರಿನ ಜನರನ್ನು ಕೇಳಿ. ಅಣುವಿದ್ಯುತ್ತಿನ ಕಸವೂ ಹಾಗೇ ನಮ್ಮ ಕಣ್ಣಿಗೆ ಬೀಳಲ್ಲ. ಉತ್ತರ ಕನ್ನಡದ ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ರಿಯಾಕ್ಟರ್‌ಗಳಿವೆ, ತಲಾ 700 ಮೆಗಾವ್ಯಾಟಿನ ಇನ್ನೆರಡು ಬರಲಿವೆ. ಕೂಡಂಕುಳಂ ತೀರ್ಪಿನಲ್ಲಿ, ಅಂದರೆ 2013ರ ಮೇ ತಿಂಗಳಲ್ಲೇ, ಆಳದ ಶಾಶ್ವತ ಗೋದಾಮನ್ನು ಆದಷ್ಟು ಬೇಗ ಮಾಡಿ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಮುಂದಿನ ಸಲ ಯಾವುದಾದರೂ ಊರಿನ ಹೆಸರು ಬಂದಾಗ, ಆ ಊರಿನವರಿಗೆ ಅದನ್ನು ಮೊದಲು ಹೇಳುವವರು ಯಾರು ಅನ್ನೋದು ಇನ್ನೂ ತೀರ್ಮಾನವಾಗಬೇಕಿದೆ.