ಡಿಇಪಿ ಆಫ್ ಮಾಡೋ ಮುಂಚೆ ಒಂದು ನಿಮಿಷ

ಮೊದಲ ಸೆಮಿಸ್ಟರ್‌ನಲ್ಲಿ ನಮ್ಮನೆ ಡೆಸ್ಕ್‌ಟಾಪ್‌ಗೆ ಒಂದು ಹಳೇ 32-ಬಿಟ್ ಸಿಮ್ಯುಲೇಟರ್ ಹಾಕಿದ್ದೆ. ಓಪನ್ ಆದ ತಕ್ಷಣ ಕ್ಲೋಸ್ ಆಗ್ತಿತ್ತು. ಸೀನಿಯರ್ ಒಬ್ಬರು ಕಮಾಂಡ್ ಕಳಿಸಿ, "ಡಿಇಪಿ ಆಫ್ ಮಾಡು, ಸರಿಹೋಗುತ್ತೆ" ಅಂದ್ರು. ಮಾಡಿದೆ, ಸರಿಹೋಯ್ತು, ಮರೆತೂಬಿಟ್ಟೆ. ಅದೇ ಕಂಪ್ಯೂಟರ್‌ನಲ್ಲಿ ಅಪ್ಪ ದಿನಾ ಅಂಗಡಿಯ ಬ್ಯಾಂಕ್ ವ್ಯವಹಾರ ಮಾಡ್ತಾರೆ. ನಾನು ಏನನ್ನು ಆಫ್ ಮಾಡಿದ್ದೆ ಅಂತ ಅರ್ಥ ಆಗಿದ್ದು ಮೂರನೇ ಸೆಮಿಸ್ಟರ್‌ನಲ್ಲಿ!

ಡಿಇಪಿ ಅಂದ್ರೆ ಡೇಟಾ ಎಕ್ಸಿಕ್ಯೂಷನ್ ಪ್ರಿವೆನ್ಷನ್. ಹಾಸ್ಟೆಲ್‌ನ ದೂರು ಪೆಟ್ಟಿಗೆ ನೆನಪಿಸಿಕೊಳ್ಳಿ. ಅದರೊಳಗೆ ಯಾರು ಏನು ಬೇಕಾದ್ರೂ ಬರೆದು ಹಾಕಬಹುದು. ಓದೋಕೆ ಅಡ್ಡಿಯಿಲ್ಲ, ಆದ್ರೆ ಅದನ್ನೇ ವಾರ್ಡನ್ ಆದೇಶ ಅಂತ ಯಾರೂ ಪಾಲಿಸಲ್ಲ. ಮೆಮೊರಿಯಲ್ಲಿ ಸ್ಟ್ಯಾಕ್, ಹೀಪ್ ಇಂಥ ಪೆಟ್ಟಿಗೆಗಳು. ಅಲ್ಲಿರುವ ಡೇಟಾವನ್ನು ಪ್ರೊಸೆಸರ್ ಓದಬಹುದು, ಕೋಡ್ ಅಂತ ರನ್ ಮಾಡೋ ಹಾಗಿಲ್ಲ. ಮಾಡೋಕೆ ಹೋದ್ರೆ ವಿಂಡೋಸ್ ಆ ಪ್ರೋಗ್ರಾಮನ್ನೇ ನಿಲ್ಲಿಸುತ್ತೆ. ಇದಕ್ಕೆ ಪ್ರೊಸೆಸರ್‌ನಲ್ಲಿ ಎನ್‌ಎಕ್ಸ್ ಅನ್ನೋ ಬಿಟ್ ಇರುತ್ತೆ. ವಿಂಡೋಸ್‌ಗೆ ಈ ಸೌಲಭ್ಯ ಬಂದಿದ್ದು 2004ರಲ್ಲಿ, ಎಕ್ಸ್‌ಪಿ ಸರ್ವೀಸ್ ಪ್ಯಾಕ್ 2 ಜೊತೆ.

ಇದಿಲ್ಲದಿದ್ರೆ ಏನಾಗುತ್ತೆ? 1988ರ ಮಾರಿಸ್ ವರ್ಮ್ ನೋಡಿ. ಫಿಂಗರ್ ಅನ್ನೋ ಸರ್ವೀಸ್‌ನಲ್ಲಿ 512 ಬೈಟ್‌ನ ಬಫರ್ ಇತ್ತು, ಇನ್‌ಪುಟ್ ಓದೋಕೆ ನಮ್ಮ ಸಿ ಲ್ಯಾಬ್‌ನಲ್ಲಿ ಬೈಸಿಕೊಳ್ಳೋ ಅದೇ 'ಗೆಟ್ಸ್' ಫಂಕ್ಷನ್! ಅದು ಉದ್ದ ನೋಡಲ್ಲ. ವರ್ಮ್ ಬಫರ್ ಮೀರಿ ಕಳಿಸಿದ ಬೈಟ್‌ಗಳು ಸ್ಟ್ಯಾಕ್‌ನಲ್ಲೇ ಕೋಡ್ ಆಗಿ ಓಡಿದವು.

ಈಗ ನಿಮ್ಮ ಕಂಪ್ಯೂಟರ್ ಚೆಕ್ ಮಾಡಿ:

1. ಸ್ಟಾರ್ಟ್‌ನಲ್ಲಿ 'ವ್ಯೂ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್' ಹುಡುಕಿ ತೆರೆಯಿರಿ.
2. ಪರ್ಫಾರ್ಮೆನ್ಸ್ ಕೆಳಗಿನ ಸೆಟ್ಟಿಂಗ್ಸ್ ಒತ್ತಿ, ಡೇಟಾ ಎಕ್ಸಿಕ್ಯೂಷನ್ ಪ್ರಿವೆನ್ಷನ್ ಟ್ಯಾಬ್‌ಗೆ ಹೋಗಿ.
3. ಅಲ್ಲಿ ಎರಡು ಆಯ್ಕೆ ಇರುತ್ತೆ. ಮೊದಲನೆಯದು ವಿಂಡೋಸ್‌ನ ಮುಖ್ಯ ಪ್ರೋಗ್ರಾಮ್‌ಗಳಿಗೆ ಮಾತ್ರ ರಕ್ಷಣೆ, ಎರಡನೆಯದು ನೀವು ಆರಿಸಿದವನ್ನು ಬಿಟ್ಟು ಎಲ್ಲಕ್ಕೂ ರಕ್ಷಣೆ. ಎರಡನೆಯದನ್ನು ಆರಿಸಿ.
4. ನಂಬಿಕೆಯ ಹಳೇ ಪ್ರೋಗ್ರಾಮ್ ಒಂದು ಇದರಿಂದಲೇ ನಿಲ್ತಿದ್ರೆ, 'ಆಡ್' ಒತ್ತಿ ಅದೊಂದನ್ನೇ ಸೇರಿಸಿ. 64-ಬಿಟ್ ಪ್ರೋಗ್ರಾಮ್‌ಗೆ ಈ ವಿನಾಯಿತಿ ಸಿಗಲ್ಲ.
5. ರೀಸ್ಟಾರ್ಟ್ ಮಾಡಿ.

ನನ್ನ ಕಂಪ್ಯೂಟರ್‌ನಲ್ಲಿ ಆ ಎರಡೂ ಆಯ್ಕೆ ಮಸುಕಾಗಿದ್ವು, ಒತ್ತೋಕೇ ಆಗ್ತಿರಲಿಲ್ಲ. ಕಮಾಂಡ್‌ನಿಂದ ಪೂರ್ತಿ ಆಫ್ ಮಾಡಿದ್ದೆನಲ್ಲ! ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಬಿಸಿಡಿಎಡಿಟ್‌ನಲ್ಲಿ ಎನ್‌ಎಕ್ಸ್ ಅನ್ನು 'ಆಪ್ಟ್‌ಔಟ್'ಗೆ ಬದಲಿಸಿ ರೀಸ್ಟಾರ್ಟ್ ಮಾಡಿದ ಮೇಲೆ ಸರಿಯಾಯ್ತು. ಆಮೇಲೆ ಸಿಮ್ಯುಲೇಟರ್ ಒಂದಕ್ಕೆ ಮಾತ್ರ ವಿನಾಯಿತಿ ಕೊಟ್ಟೆ. ಅದೂ ಓಡ್ತಿದೆ, ಉಳಿದಿದ್ದಕ್ಕೆಲ್ಲ ರಕ್ಷಣೆಯೂ ಇದೆ. ಅಂದ್ರೆ ಅವತ್ತು ಪೂರ್ತಿ ಆಫ್ ಮಾಡೋ ಅಗತ್ಯವೇ ಇರಲಿಲ್ಲ.

ಡಿಇಪಿ ಇದೆ ಅಂತ ಕೋಡ್‌ನಲ್ಲಿರೋ ತಪ್ಪು ಹೋಗಲ್ಲ. ಮೆಮೊರಿಯಲ್ಲಿ ಮೊದಲೇ ಇರೋ ಕೋಡ್ ತುಣುಕುಗಳನ್ನೇ ಜೋಡಿಸಿ ದಾಳಿ ಮಾಡೋ ವಿಧಾನಗಳೂ ಇವೆ. ಅದಕ್ಕೇ ಬಫರ್‌ನ ಉದ್ದ ನೋಡೋದು ನಮ್ಮ ಕೆಲಸ, ಅಪ್‌ಡೇಟ್ ಹಾಕೋದೂ ನಮ್ಮ ಕೆಲಸ.

ಯಾರಾದ್ರೂ "ಆಫ್ ಮಾಡು, ಸರಿಹೋಗುತ್ತೆ" ಅಂದ್ರೆ, ಅದು ಏನನ್ನು ಕಾಯ್ತಿದೆ ಅಂತ ಮೊದಲು ಕೇಳಿ. ಅಪ್ಪನಿಗೆ ನಾನು ಎಲ್ಲಾ ಹೇಳಿದೆ. ಈಗ ಕಂಪ್ಯೂಟರ್ ಮುಟ್ಟೋ ಮುಂಚೆ ಅವರೇ ಕೇಳ್ತಾರೆ: "ಇವತ್ತು ಏನು ಆಫ್ ಮಾಡ್ತಿದ್ದೀಯಪ್ಪಾ?"