ಕೀಲಿ ತಿರುಗಿಸಿ ನೋಡು, ಆಮೇಲೆ ಕೇಳು

ನೀನು ಕಾರು ಕೊಳ್ಳಲು ಹೊರಟಿರುವ ಸುದ್ದಿ ನಿಮ್ಮಪ್ಪನಿಂದ ತಿಳಿಯಿತು. ದಾವಣಗೆರೆಯಲ್ಲಿ ಕುಳಿತ ಅವನಿಗೆ ಮೈಲೇಜಿನದೇ ಚಿಂತೆ. ನಿನ್ನ ಪಟ್ಟಿಯನ್ನೂ ನೋಡಿದೆ. ಎಲ್ಲವೂ ಚಿಕ್ಕ ಕಾರುಗಳೇ, ಎಲ್ಲವೂ ಸೆಕೆಂಡ್ ಹ್ಯಾಂಡ್. ಹೊಸದಾಗಿ ಕೆಲಸಕ್ಕೆ ಸೇರಿದ ಡಾಕ್ಟರಿಗೆ ಅದೇ ಸರಿ, ಇಲ್ಲಿ ಬ್ರಿಟನ್ನಿನಲ್ಲಿ ಹೊಸಬರ ಇನ್ಶೂರೆನ್ಸ್ ಕೇಳಿದರೆ ಕಾರಿನ ಬೆಲೆಯೇ ವಾಸಿ ಅನಿಸುತ್ತದೆ. ಪಟ್ಟಿಯ ಕೊನೆಯಲ್ಲಿ ನೀನು ಕೇಳಿದ ಪ್ರಶ್ನೆ ಮಾತ್ರ ನನಗೆ ಬಹಳ ಹಿಡಿಸಿತು: "ದೊಡ್ಡಪ್ಪ, ಇವುಗಳಲ್ಲಿ ಹೊರಗಿನ ಟೆಂಪರೇಚರ್ ತೋರಿಸೋದು ಯಾವುದು?"

ಹಡರ್ಸ್‌ಫೀಲ್ಡಿನ ಸುತ್ತಮುತ್ತ ಬೆಳಗಿನ ಡ್ಯೂಟಿಗೆ ಹೋಗುವವಳು ಕೇಳಬೇಕಾದ ಪ್ರಶ್ನೆಯೇ ಇದು. ನಾವು ಹುಟ್ಟಿ ಬೆಳೆದ ಕಡೆ ನೀರು ಹೆಪ್ಪುಗಟ್ಟುವುದು ಫ್ರಿಜ್ಜಿನಲ್ಲಿ ಮಾತ್ರ. ಬೆಂಗಳೂರಿನ ದಾಖಲೆಯ ಚಳಿ ಅಂದರೆ 1884ರ ಜನವರಿ 13ರಂದು 7.8 ಡಿಗ್ರಿ; ಇಲ್ಲಿನವರು ಅಷ್ಟಕ್ಕೆ ಕೋಟಿನ ಗುಂಡಿಯನ್ನೂ ಹಾಕುವುದಿಲ್ಲ. ಚಳಿ ಎಂದರೆ ಶಾಲು ಹೊದೆಯುವುದು ಎಂದಷ್ಟೇ ನಮ್ಮ ಮೈಗೆ ಗೊತ್ತು. ರಸ್ತೆ ಜಾರುತ್ತದೆ ಎಂಬುದು ಗೊತ್ತಿಲ್ಲ. ಅದನ್ನು ಹೇಳಲು ಡ್ಯಾಶ್‌ಬೋರ್ಡಿನಲ್ಲಿ ಒಂದು ನಂಬರ್ ಇದ್ದರೆ ಒಳ್ಳೆಯದೇ.

ಆದರೆ ಯಾವ ಕಾರಿನಲ್ಲಿ ಅದು ಇದೆ ಎಂದು ಇಲ್ಲಿ ಕುಳಿತು ನಾನು ಹೇಳಲಾರೆ. ಕಾರಿನ ಹೆಸರು ಒಂದೇ ಇದ್ದರೂ ಒಳಗಿನ ಸಾಮಾನು ಒಂದೇ ಇರುವುದಿಲ್ಲ. ಫೋರ್ಡ್ ಫಿಯೆಸ್ಟಾ ತೆಗೆದುಕೋ. ಅದರಲ್ಲಿ ಸ್ಟುಡಿಯೋ, ಸ್ಟೈಲ್, ಝೆಟೆಕ್, ಟೈಟೇನಿಯಂ ಎಂದು ಮೆಟ್ಟಿಲುಗಳಿದ್ದವು. ಮೇಲಿನವಕ್ಕೆ ಕೊಟ್ಟದ್ದನ್ನು ಕೆಳಗಿನವಕ್ಕೆ ಕೊಡುತ್ತಿರಲಿಲ್ಲ, ಒಂದು ವರ್ಷ ಕೊಟ್ಟದ್ದು ಮುಂದಿನ ವರ್ಷ ಇರಬೇಕೆಂದೂ ಇರಲಿಲ್ಲ. ಸಿಟ್ರೊಯೆನ್ ಸಿ1, ಪ್ಯೂಜೋ 107, ಟೊಯೋಟಾ ಐಗೋ ಈ ಮೂರೂ 2005ರಿಂದ ಚೆಕ್ ದೇಶದ ಕೊಲೀನ್ ಎಂಬ ಊರಿನ ಒಂದೇ ಕಾರ್ಖಾನೆಯಲ್ಲಿ ತಯಾರಾದವು. ಅವುಗಳಲ್ಲಿ ಕೆಳಗಿನ ಮಾದರಿಗಳಿಗೆ ಆರ್‌ಪಿಎಂ ಮೀಟರನ್ನೂ ಇಟ್ಟಿರಲಿಲ್ಲ. ಅಂಥ ಕಾರಿನ ಹತ್ತಿರ ಹೊರಗಿನ ಚಳಿಯ ಲೆಕ್ಕ ಕೇಳುವುದು ನಮ್ಮದೇ ಅತಿಯಾಸೆ. ಆದ್ದರಿಂದ "ಐಗೋದಲ್ಲಿ ಇದೆಯಾ" ಎಂದು ಕೇಳಬೇಡ, "ಈ ಐಗೋದಲ್ಲಿ ಇದೆಯಾ" ಎಂದು ಕೇಳು. ಅದಕ್ಕಿಂತ ಒಳ್ಳೆಯದು, ಯಾರನ್ನೂ ಕೇಳದೆ ನೀನೇ ನೋಡುವುದು.

ನೋಡುವುದು ಹೇಗೆಂದು ಹೇಳುತ್ತೇನೆ. ಕೀಲಿಯನ್ನು ಎರಡನೇ ಹಂತದವರೆಗೆ ತಿರುಗಿಸು, ಎಂಜಿನ್ ಶುರು ಮಾಡಬೇಡ. ಬಟನ್ನಿನ ಕಾರಾದರೆ ಕ್ಲಚ್ಚೂ ಬ್ರೇಕೂ ತುಳಿಯದೆ ಬಟನ್ ಒತ್ತು. ದೀಪಗಳೆಲ್ಲ ಒಮ್ಮೆ ಹತ್ತಿ ಕೆಲವು ಆರುತ್ತವೆ. ಆಗ ಓಡಿದ ಮೈಲಿ ತೋರಿಸುವ ಸಾಲಿನ ಆಚೀಚೆ ನೋಡು. ಡಿಗ್ರಿಯ ಪುಟ್ಟ ಸೊನ್ನೆ ಇರುವ ಅಂಕಿ ಕಂಡರೆ ಕೆಲಸ ಮುಗಿಯಿತು. ಕಾಣದಿದ್ದರೆ ಇಲ್ಲವೆಂದು ಎದ್ದುಬರಬೇಡ. ಮೀಟರಿನಿಂದ ಈಚೆಗೆ ಚಾಚಿಕೊಂಡ ಪುಟ್ಟ ಕಡ್ಡಿಯೊಂದಿದ್ದರೆ ಅದನ್ನು ಒತ್ತು. ಇಲ್ಲವಾದರೆ ಇಂಡಿಕೇಟರಿನ ಕಡ್ಡಿಯ ತುದಿಯಲ್ಲೋ ವೈಪರಿನ ಕಡ್ಡಿಯ ತುದಿಯಲ್ಲೋ ಒಂದು ಬಟನ್ ಇರುತ್ತದೆ. ಒತ್ತುತ್ತಾ ಹೋದರೆ ಟ್ರಿಪ್ ಎ, ಟ್ರಿಪ್ ಬಿ, ಸರಾಸರಿ ಮೈಲೇಜು, ಇನ್ನೆಷ್ಟು ದೂರಕ್ಕೆ ಪೆಟ್ರೋಲಿದೆ ಎಂಬುದು, ಹೀಗೆ ಒಂದೊಂದೇ ಬಂದು ಹೋಗುತ್ತವೆ. ಒಂದು ಸುತ್ತು ಪೂರ್ತಿ ಆಗುವವರೆಗೂ ಒತ್ತು. ಕೆಲವು ಕಾರುಗಳಲ್ಲಿ ಅದು ಮೀಟರಿನಲ್ಲೇ ಇರುವುದಿಲ್ಲ. ನಡುವೆ ರೇಡಿಯೋದ ಪರದೆಯಲ್ಲಿ ಗಡಿಯಾರದ ಪಕ್ಕ ಕೂತಿರುತ್ತದೆ. ಎಷ್ಟೋ ಜನ ತಮ್ಮ ಕಾರಿನಲ್ಲಿ ಇಲ್ಲವೆಂದೇ ನಂಬಿ ವರ್ಷಗಟ್ಟಲೆ ಓಡಿಸಿದ್ದನ್ನು ನಾನು ಕಂಡಿದ್ದೇನೆ, ಬಟನ್ ಒತ್ತಿ ನೋಡದ ಒಂದೇ ಕಾರಣಕ್ಕೆ.

ಬೇರೆ ಡಿಗ್ರಿಗಳನ್ನು ನೋಡಿ ಮೋಸ ಹೋಗಬೇಡ. ಹೀಟರಿನ ಗುಂಡಿಯ ಹತ್ತಿರ 21 ಅಂತಿದ್ದರೆ ಅದು ಒಳಗೆ ಎಷ್ಟು ಬೆಚ್ಚಗಿರಲಿ ಎಂದು ಹಿಂದಿನವನು ಇಟ್ಟುಹೋದ ಲೆಕ್ಕ. ಅಲೆಗಳ ಮೇಲೆ ಥರ್ಮಾಮೀಟರ್ ನಿಲ್ಲಿಸಿದಂತಿರುವ ನೀಲಿ ದೀಪ ಹತ್ತಿದರೆ ಎಂಜಿನ್ ಇನ್ನೂ ತಣ್ಣಗಿದೆ ಎಂದರ್ಥ. ಈಗಿನ ಎಷ್ಟೋ ಚಿಕ್ಕ ಕಾರುಗಳಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳಿಲ್ಲ, ಆ ದೀಪವೇ ಗತಿ. ಮಾರುವವನು ಅದನ್ನೇ ತೋರಿಸಿ "ಇದೆಯಲ್ಲ ಟೆಂಪರೇಚರ್" ಅಂದರೆ ಜಗಳಕ್ಕೆ ಹೋಗಬೇಡ, ಅವನಿಗೂ ನಿಜವಾಗಿ ಗೊತ್ತಿರುವುದಿಲ್ಲ.

ಇನ್ನು ಹೊರಗೆ ಬಂದು ಸ್ವಲ್ಪ ಬಗ್ಗಬೇಕು. ಪಕ್ಕದ ಕನ್ನಡಿಯ ಕೆಳಭಾಗದಲ್ಲಿ ಕಡಲೆಕಾಳಿನಷ್ಟು ಪ್ಲಾಸ್ಟಿಕ್ ಮೊಳಕೆಯೊಂದು ಇಳಿಬಿದ್ದಿದ್ದರೆ ಅದೇ ಸೆನ್ಸರ್. ಕೆಲವರು ಅದನ್ನು ಮುಂದಿನ ಬಂಪರಿನ ಜಾಲರಿಯ ಹಿಂದೆ ಕೂಡಿಸುತ್ತಾರೆ, ಎಂಜಿನ್ನಿನ ಶಾಖ ತಾಗದೆ ಎದುರುಗಾಳಿ ತಾಗಲಿ ಎಂದು. ಒಳಗಿರುವುದು ಒಂದು ಥರ್ಮಿಸ್ಟರ್. ತಣ್ಣಗಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತದೆ, ಅದನ್ನು ಅಳೆದು ಕಾರು ಡಿಗ್ರಿ ಲೆಕ್ಕ ಹಾಕುತ್ತದೆ. ಆದರೆ ಸೆನ್ಸರ್ ಇದೆ ಅಂದಮಾತ್ರಕ್ಕೆ ಅಂಕಿಯೂ ಕಾಣುತ್ತದೆ ಎನ್ನುವಂತಿಲ್ಲ. ತನ್ನಷ್ಟಕ್ಕೆ ತಾನೇ ಬಿಸಿ ತಂಪು ಹೊಂದಿಸಿಕೊಳ್ಳುವ ಎಸಿಗೆ ಹೊರಗಿನ ಉಷ್ಣಾಂಶ ಬೇಕೇ ಬೇಕು. ಅದಕ್ಕಾಗಿ ಅಳೆದು, ನಮಗೆ ಮಾತ್ರ ತೋರಿಸದೆ ಇಟ್ಟುಕೊಳ್ಳುವ ಕಾರುಗಳೂ ಇವೆ.

ಕಾಗದಪತ್ರ ನೋಡಿ ತೀರ್ಮಾನ ಮಾಡುತ್ತೇನೆ ಅನ್ನುತ್ತೀಯ, ಓದಿಕೊಂಡವಳು. ನೋಡು, ಬೇಡವೆನ್ನುವುದಿಲ್ಲ. ಗ್ಲವ್ ಬಾಕ್ಸಿನಲ್ಲಿರುವ ಮ್ಯಾನ್ಯುಯಲ್ ಎಲ್ಲ ಮಾದರಿಗಳಿಗೂ ಸೇರಿಸಿ ಬರೆದದ್ದು. ಹೊರಗಿನ ಉಷ್ಣಾಂಶದ ಬಗ್ಗೆ ಚಿತ್ರ ಸಮೇತ ಅರ್ಧ ಪುಟ ಇರುತ್ತದೆ, ಕೊನೆಗೆ ಸಣ್ಣಕ್ಷರದಲ್ಲಿ "ಅಳವಡಿಸಿದ್ದರೆ" ಎಂದು ಒಂದು ಮಾತು. ಅಲ್ಲಿಗೆ ಆ ಅರ್ಧ ಪುಟವೂ ನಿನ್ನ ಪಾಲಿಗೆ ಇಲ್ಲ. ಮ್ಯಾನ್ಯುಯಲ್ಲಿನಲ್ಲಿ ಆ ವಿಷಯವೇ ಇಲ್ಲದಿದ್ದರೆ ಕಾರಿನಲ್ಲೂ ಇಲ್ಲವೆಂದು ಬಹುಮಟ್ಟಿಗೆ ನಂಬಬಹುದು. ಇದ್ದರೆ ಏನೂ ಸಿದ್ಧವಾಗುವುದಿಲ್ಲ. ಆ ವರ್ಷದ ಬ್ರೋಷರ್ ಸಿಕ್ಕಿದರೆ ಅದರ ಹಿಂಬದಿಯ ಕೋಷ್ಟಕ ಹೆಚ್ಚು ನಂಬಿಕಸ್ಥ, ಯಾವ ಮಾದರಿಗೆ ಏನು ಎಂದು ಚುಕ್ಕಿ ಇಟ್ಟು ತೋರಿಸಿರುತ್ತಾರೆ. ಹಾಗೆಂದು ಹೋದ ವರ್ಷದ ಬ್ರೋಷರ್ ಹಿಡಿದು ಈ ವರ್ಷದ ಕಾರು ನೋಡಬೇಡ.

ಸರ್ಕಾರದ ಜಾಲತಾಣದಲ್ಲಿ ನಂಬರ್ ಪ್ಲೇಟ್ ಹಾಕಿದರೆ ಎಂಒಟಿ ಚರಿತ್ರೆ, ಅಂದರೆ ವರ್ಷ ವರ್ಷದ ವಾಹನ ತಪಾಸಣೆಯ ದಾಖಲೆ, ಬಿಟ್ಟಿಯಾಗಿ ಸಿಗುತ್ತದೆ. ಡಿಗ್ರಿಯ ವಿಷಯ ಅದರಲ್ಲಿ ಇರುವುದಿಲ್ಲ, ಆದರೂ ತಪ್ಪದೆ ಓದು. ಯಾವ ವರ್ಷ ಪಾಸಾಗಲಿಲ್ಲ, ಪ್ರತಿ ಸಲ ಎಷ್ಟು ಮೈಲಿ ಓಡಿತ್ತು, ಎಲ್ಲೆಲ್ಲಿ ತುಕ್ಕು ಹಿಡಿದಿದೆ, ಎಲ್ಲ ಇರುತ್ತದೆ. ಈ ಸೀಮೆಯ ಕಾರುಗಳಿಗೆ ತುಕ್ಕು ಜಾಸ್ತಿ, ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ.

ಇನ್ನೊಂದು ಗುಟ್ಟು ಹೇಳುತ್ತೇನೆ, ಇದು ಗ್ಯಾರೇಜಿನವರಿಂದ ಕಲಿತದ್ದು. ಅಂಕಿ ಬರುವ ಜಾಗದಲ್ಲಿ ಮೈನಸ್ 40 ಅಂತಲೋ ಬರೀ ಎರಡು ಗೆರೆಗಳೋ ಕಂಡರೆ ನಗಬೇಡ. ಥರ್ಮಿಸ್ಟರಿನ ವೈರ್ ಕಿತ್ತುಹೋದರೆ ರೆಸಿಸ್ಟೆನ್ಸ್ ಮಿತಿಮೀರಿ ಏರಿದಂತೆ ಕಾರಿಗೆ ಕಾಣುತ್ತದೆ, ಅದು ಪಾಪ ಹೊರಗೆ ಘೋರ ಚಳಿ ಎಂದುಕೊಳ್ಳುತ್ತದೆ. ಫ್ಯಾರನ್‌ಹೀಟಿಗೆ ಬದಲಾಯಿಸಿದರೂ ಅದೇ ಮೈನಸ್ 40 ಇರುತ್ತದೆ. ಎರಡು ಅಳತೆಗಳೂ ಸರಿಯಾಗಿ ಕೂಡುವುದು ಆ ಒಂದೇ ಜಾಗದಲ್ಲಿ. ಸೆನ್ಸರಿನ ಬೆಲೆ ದೊಡ್ಡದಲ್ಲ. ಆದರೆ ವೈರ್ ಯಾಕೆ ಕಿತ್ತಿತು? ಸೆನ್ಸರ್ ಬಂಪರಿನಲ್ಲಿದ್ದರೆ ಮುಂದಿನ ಬಂಪರ್ ಯಾವಾಗಲೋ ಬಿಚ್ಚಿ ಹಾಕಿದ್ದಾರೆ ಎಂಬ ಗುಮಾನಿ ಬರಬೇಕು, ಕನ್ನಡಿಯಲ್ಲಿದ್ದರೆ ಕನ್ನಡಿ ಬದಲಾಗಿದೆಯೇ ಎಂದು ನೋಡಬೇಕು. ಬಾನೆಟ್ಟಿನ ಎರಡು ಪಕ್ಕದ ಸಂದು ಒಂದೇ ಅಗಲ ಇವೆಯೇ, ಬಂಪರಿನ ಬಣ್ಣ ಬಾಗಿಲಿನ ಬಣ್ಣಕ್ಕೆ ಹೊಂದುತ್ತದೆಯೇ, ಬಿಸಿಲಿಗೆ ಹಿಡಿದು ನೋಡು. ಆಮೇಲೆ ಮೆಲ್ಲಗೆ ಕೇಳು, "ಎಲ್ಲಾದರೂ ತಾಗಿತ್ತಾ?"

ಅಂಕಿ ಇದ್ದು, ಅದು ಹೊರಗಿನ ಚಳಿಗಿಂತ ಹತ್ತು ಡಿಗ್ರಿ ಜಾಸ್ತಿ ತೋರಿಸಿದರೆ ಮಾತ್ರ ಗಾಬರಿ ಬೇಡ. ಆಗಷ್ಟೇ ಓಡಿ ಬಂದು ನಿಂತ ಕಾರಿನಲ್ಲಿ ಎಂಜಿನ್ನಿನ ಬಿಸಿ ಸೆನ್ಸರಿಗೂ ಹತ್ತುತ್ತದೆ. ನಾಲ್ಕಾರು ನಿಮಿಷ ಒಂದೇ ಸಮನೆ ಓಡಿಸಿ ನೋಡು, ಗಾಳಿ ಆಡಿದ ಮೇಲೆ ಇಳಿಯಬೇಕು. ಇಳಿಯದಿದ್ದರೆ ಸೆನ್ಸರ್ ಕೆಟ್ಟಿದೆ.

ಕಾರು ಬಂದ ಮೇಲಿನ ಮಾತು ಇನ್ನೂ ಮುಖ್ಯ. ಕೆಲವು ಕಾರುಗಳು 4 ಡಿಗ್ರಿಗೆ, ಕೆಲವು 3ಕ್ಕೆ ಇಳಿದಾಗ ಒಮ್ಮೆ ಟಿಣ್ ಎಂದು ಹಿಮದ ಹರಳಿನ ಚಿತ್ರ ತೋರಿಸುತ್ತವೆ. ಸೊನ್ನೆಗೆ ಇನ್ನೂ ಮೂರು ಡಿಗ್ರಿ ಇರುವಾಗ ಇದೇನು ಗಲಾಟೆ ಎಂದು ನಿನಗೆ ಅನಿಸಬಹುದು. ಆ ಸೆನ್ಸರ್ ಅಳೆಯುವುದು ಗಾಳಿಯನ್ನು. ನೀನು ಓಡಿಸುವುದು ರಸ್ತೆಯ ಮೇಲೆ. ಮೋಡವಿಲ್ಲದ ರಾತ್ರಿ ರಸ್ತೆ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಗಾಳಿಗಿಂತ ತಣ್ಣಗಾಗುತ್ತದೆ. ಇಲ್ಲಿನ ಹವಾಮಾನ ಇಲಾಖೆ ತನ್ನ ಥರ್ಮಾಮೀಟರನ್ನು ನೆಲದಿಂದ 1.25 ಮೀಟರ್ ಮೇಲೆ ಇಡುತ್ತದೆ. ಬೆಳಗಿನ ಸುದ್ದಿಯಲ್ಲಿ 2 ಡಿಗ್ರಿ ಎಂದ ದಿನವೂ ಹುಲ್ಲೆಲ್ಲ ಬೆಳ್ಳಗಾಗಿರುವುದು ಅದಕ್ಕೇ. ಸೇತುವೆಗೆ ಕೆಳಗಿನಿಂದಲೂ ಗಾಳಿ ತಾಗುವುದರಿಂದ ಅದು ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟುತ್ತದೆ. ಬೇಲಿಯ ನೆರಳಿನಲ್ಲಿ, ಬಿಸಿಲು ಕಾಣದ ಇಳಿಜಾರಿನಲ್ಲಿ ಹತ್ತು ಗಂಟೆಯಾದರೂ ಹಿಮ ಕರಗಿರುವುದಿಲ್ಲ. ರಸ್ತೆ ಬರೀ ಒದ್ದೆಯಾದಂತೆ ಕಾಣುತ್ತದೆ, ಆದರೆ ಮುಂದಿನ ಕಾರಿನ ಟೈರಿನಿಂದ ನೀರು ಚಿಮ್ಮುತ್ತಿರುವುದಿಲ್ಲ. ಅದೇ ಬ್ಲ್ಯಾಕ್ ಐಸ್. ಅಂಥಲ್ಲಿ ಬ್ರೇಕ್ ಹಾಕಿದರೆ ಕಾರು ನಿಲ್ಲಲು ಒಣರಸ್ತೆಗಿಂತ ಹತ್ತು ಪಟ್ಟು ದೂರ ಬೇಕಾಗಬಹುದೆಂದು ಇಲ್ಲಿನ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡೇ ಹೇಳುತ್ತದೆ. ಸ್ಟೀರಿಂಗ್ ಹಗುರವಾದಂತೆ ಅನಿಸಿದರೆ ಬ್ರೇಕಿನ ಮೇಲೆ ಕಾಲಿಡಬೇಡ, ಆಕ್ಸಿಲರೇಟರಿನಿಂದ ಕಾಲು ಸಡಿಲಿಸು ಅಷ್ಟೇ.

ಆದ್ದರಿಂದ 4 ಎಂಬ ಅಂಕಿ ಕಂಡರೆ ಸೊನ್ನೆ ಎಂದೇ ತಿಳಿದುಕೋ. 5 ಕಂಡಿತೆಂದು ಧೈರ್ಯ ಮಾಡಲೂ ಬೇಡ. ಇಲ್ಲಿ ದೊಡ್ಡ ರಸ್ತೆಗಳಿಗೆ ಉಪ್ಪು ಹಾಕುತ್ತಾರೆ, ನಿಮ್ಮ ಮನೆಯ ಬೀದಿಗೆ ಯಾರೂ ಹಾಕುವುದಿಲ್ಲ. ಉಪ್ಪು ಕೂಡ ನಾಲ್ಕು ವಾಹನ ಅದರ ಮೇಲೆ ಓಡಿ ಅರೆದ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಬೆಳಗಿನ ಐದೂವರೆಗೆ ಡ್ಯೂಟಿಗೆ ಹೊರಡುವವಳು ಆ ಮೊದಲ ವಾಹನವೇ ಆಗಿರುತ್ತಾಳೆ. ಎಂ62 ಹೆದ್ದಾರಿ ನಿನ್ನ ಊರಿನ ಹತ್ತಿರ 372 ಮೀಟರ್ ಎತ್ತರಕ್ಕೆ ಏರುತ್ತದೆ, ಇಡೀ ಬ್ರಿಟನ್ನಿನ ಮೋಟಾರ್‌ವೇಗಳಲ್ಲಿ ಅದಕ್ಕಿಂತ ಎತ್ತರದ ಜಾಗವಿಲ್ಲ. ಲೀಡ್ಸಿನಲ್ಲಿ 5 ಇದ್ದದ್ದು ಅಲ್ಲಿಗೆ ಏರುವಷ್ಟರಲ್ಲಿ ಇಳಿಯುತ್ತಾ ಹೋಗುವುದನ್ನು ನೋಡುತ್ತಾ ಓಡಿಸಬಹುದು. ಆ ಅಂಕಿಯ ನಿಜವಾದ ಬೆಲೆ ನನಗೆ ಕಂಡದ್ದು ಅಲ್ಲಿ, ಹೊರಟಾಗ ಎಷ್ಟಿತ್ತು ಎಂಬುದಕ್ಕಿಂತ ದಾರಿಯಲ್ಲಿ ಎತ್ತ ಹೊರಟಿದೆ ಎಂಬುದರಲ್ಲಿ.

ಇಷ್ಟೆಲ್ಲ ಹೇಳಿ ಈಗ ಅದಕ್ಕೆ ತಿರುಗಿ ಒಂದು ಮಾತು. ಎಂಜಿನ್ ಚೆನ್ನಾಗಿದ್ದು, ಸರ್ವಿಸ್ ಸರಿಯಾಗಿ ಆಗಿದ್ದು, ಈ ಒಂದು ಅಂಕಿ ಇಲ್ಲವೆಂಬ ಕಾರಣಕ್ಕೆ ಕಾರು ಬಿಡಬೇಡ. ಅದಕ್ಕೋಸ್ಕರ ಮೇಲಿನ ಮಾದರಿಗೆ ಸಾವಿರ ಪೌಂಡ್ ಹೆಚ್ಚಿಗೆ ಕೊಡುವುದಂತೂ ಬೇಡವೇ ಬೇಡ. ಉದ್ದ ವೈರಿನ ತುದಿಗೆ ಮೂತಿ ಇರುವ ಪುಟ್ಟ ಡಿಜಿಟಲ್ ಥರ್ಮಾಮೀಟರ್ ಕೆಲವೇ ಪೌಂಡಿಗೆ ಸಿಗುತ್ತದೆ. ಮೂತಿಯನ್ನು ಬಾಗಿಲಿನ ರಬ್ಬರಿನ ಸಂದಿಯಿಂದ ಹೊರಗೆ ತಂದು, ಬಿಸಿಲೂ ಎಂಜಿನ್ನಿನ ಬಿಸಿಯೂ ತಾಗದ ಕಡೆ ಅಂಟಿಸಿದರೆ ಸಾಕು. ಮೂತಿ ಇಲ್ಲದ್ದನ್ನು ಕೊಳ್ಳಬೇಡ, ಅದು ನಿನ್ನ ಹೀಟರಿನ ಚೆಲುವನ್ನು ಹೊಗಳುತ್ತಾ ಕೂತಿರುತ್ತದೆ. ಫೋನಿನಲ್ಲಿ ಕಾಣುವುದು ಇಡೀ ಊರಿನ ಅಂದಾಜು, ನೀನು ಈಗ ತಿರುಗುತ್ತಿರುವ ಮೂಲೆಯದಲ್ಲ.

ದುಡ್ಡು ಮಿಕ್ಕಿದರೆ ಟೈರಿಗೆ ಹಾಕು. ಮಾಮೂಲಿ ಟೈರಿನ ರಬ್ಬರ್ ಸುಮಾರು 7 ಡಿಗ್ರಿಯ ಕೆಳಗೆ ಬಿರುಸಾಗುತ್ತದೆ. ಬ್ರಿಟನ್ನಿನಲ್ಲಿ ಚಳಿಗಾಲದ ಟೈರ್ ಕಡ್ಡಾಯವಲ್ಲ, ಆದರೂ ಪೆನ್ನೈನ್ ಗುಡ್ಡಗಳಲ್ಲಿ ಓಡಾಡುವವಳಿಗೆ ಆಲ್ ಸೀಸನ್ ಟೈರ್ ದಂಡವಲ್ಲ. ಗಾಜಿನೊಳಗೆ ಕೂದಲಿನಂಥ ತಂತಿಗಳಿರುವ ಹೀಟೆಡ್ ವಿಂಡ್‌ಸ್ಕ್ರೀನ್ ಇರುವ ಕಾರೂ ಡಿಗ್ರಿ ತೋರಿಸುವ ಕಾರೂ ಒಂದೇ ಬೆಲೆಗೆ ಎದುರಾದರೆ ಕಣ್ಣುಮುಚ್ಚಿ ಮೊದಲನೆಯದನ್ನು ತೆಗೆದುಕೋ. ಕೆರೆದು ಕೆರೆದು ಬೆರಳು ಮರಗಟ್ಟಿದ ಮೇಲೆ ಹೊರಗೆ ಎಷ್ಟು ಡಿಗ್ರಿ ಎಂದು ಯಾರೂ ಹೇಳಬೇಕಾಗಿಲ್ಲ. ಗಾಜಿನ ಮೇಲೆ ಕುದಿನೀರು ಮಾತ್ರ ಸುರಿಯಬೇಡ, ಬಿರುಕು ಬಿಡುತ್ತದೆ.

ಶನಿವಾರ ನೋಡಲು ಹೋಗುವುದಾದರೆ ಬೆಳಿಗ್ಗೆಯೇ ಹೋಗು. ಎಂಜಿನ್ ಶುರು ಮಾಡಿಡಬೇಡಿ ಎಂದು ಹಿಂದಿನ ದಿನವೇ ಫೋನ್ ಮಾಡಿ ಹೇಳಿರು. ತಣ್ಣಗಿದ್ದಾಗ ಒಂದೇ ಸಲಕ್ಕೆ ಶುರುವಾಗುತ್ತದೋ ಇಲ್ಲವೋ ಗೊತ್ತಾಗುತ್ತದೆ, ಡಿಗ್ರಿಯೂ ನಿಜ ಹೇಳುತ್ತದೆ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಟ್ಟು ನೋಡು. ಬೆಚ್ಚಗಿದ್ದರೆ ಮಾರುವವನಿಗೆ ಏನೂ ಹೇಳಬೇಡ, ಪಕ್ಕದಲ್ಲೆಲ್ಲಾದರೂ ಟೀ ಕುಡಿದು ಗಂಟೆ ಬಿಟ್ಟು ಬಾ.